ಡಚ್ ಸಮಾಸಪದ ಒಡೆಯುವ ಕ್ರಮ: ಮೊದಲು ಬೆಸುಗೆ, ಆಮೇಲೆ ಉಚ್ಚಾರಾಂಶ, ಕೊನೆಗೆ ಒತ್ತು

ಡಚ್ ಕಲಿಯುವ ಕನ್ನಡಿಗರು ಬಿಡಿಪದಗಳಲ್ಲಿ ಅಷ್ಟಾಗಿ ಎಡವುವುದಿಲ್ಲ. ಎಡವುವುದು ಎರಡು ಮೂರು ಪದಗಳು ಜಾಗ ಬಿಡದೆ ಅಂಟಿಕೊಂಡಾಗ. ರೈಲು ನಿಲ್ದಾಣದ ಎದುರಿನ ಚೌಕದ ಹೆಸರನ್ನು ಅನೇಕರು ‘ಸ್ಟಾಶೊನ್-ಸ್ಪ್ಲೈನ್’ ಎಂದು ಓದುತ್ತಾರೆ. ‘ಸ್ಪ್ಲೈನ್’ ಎಂಬ ಪದ ಡಚ್ಚಿನಲ್ಲಿ ಇಲ್ಲವೇ ಇಲ್ಲ. ಅದು ‘ಸ್ಟಾಶೊನ್ಸ್’ ಮತ್ತು ‘ಪ್ಲೈನ್’. ನಿಯಮ ಗೊತ್ತಿಲ್ಲದೆ ಆಗುವ ತಪ್ಪು ಇದಲ್ಲ. ನಿಯಮಗಳನ್ನು ಬಾಯಿಪಾಠ ಮಾಡಿದವರೂ ಹೀಗೆಯೇ ಓದುತ್ತಾರೆ, ಏಕೆಂದರೆ ಅವರು ಎಡದಿಂದ ಒಂದೊಂದೇ ಅಕ್ಷರ ಕೂಡಿಸುತ್ತ ಹೋಗುತ್ತಾರೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬೆಸುಗೆ (ಎರಡು ಪದಗಳು ಅಂಟಿದ ಜಾಗ) ಸಿಗುವ ಮೊದಲು ಉಚ್ಚಾರಾಂಶ (ಒಂದು ಸ್ವರದ ಸುತ್ತಲಿನ ಧ್ವನಿತುಂಡು) ಎಣಿಸಬೇಡಿ, ಉಚ್ಚಾರಾಂಶ ಸಿಗುವ ಮೊದಲು ಒತ್ತಿನ (ಯಾವ ತುಂಡನ್ನು ಬಲವಾಗಿ ಹೇಳಬೇಕು ಎಂಬುದರ) ಬಗ್ಗೆ ಯೋಚಿಸಬೇಡಿ.

## ಬೇಕಾದ ಸಾಮಗ್ರಿ

ಪೆನ್ಸಿಲ್, ಕಾಗದ, ಧ್ವನಿಮುದ್ರಣ ಮಾಡುವ ಮೊಬೈಲ್. ಇವುಗಳ ಜೊತೆಗೆ ಎರಡು ಆಕರಗಳು ಬೇಕು. ಮೊದಲನೆಯದು ಡಚ್ ಭಾಷಾ ಒಕ್ಕೂಟದ ಅಧಿಕೃತ ಪದಪಟ್ಟಿ. ‘ಹಸಿರು ಪುಸ್ತಿಕೆ’ ಎಂದು ಎಲ್ಲರೂ ಕರೆಯುವುದು ಇದನ್ನೇ. ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಪದವನ್ನು ಎಲ್ಲೆಲ್ಲಿ ಒಡೆಯಬಹುದು ಎಂದು ತೋರಿಸುತ್ತದೆ. ಒತ್ತಿಗೆ ಮಾತ್ರ ಅದನ್ನು ನಂಬಿ ಕೂರಬೇಡಿ. ಅದಕ್ಕಾಗಿ ಉಚ್ಚಾರಣೆ ಕೊಡುವ ನಿಘಂಟೊಂದನ್ನು ಬೇರೆಯಾಗಿ ಇಟ್ಟುಕೊಳ್ಳಿ.

ಈ ಬರಹದಲ್ಲಿ ಡಚ್ ಪದಗಳು ಕನ್ನಡ ಲಿಪಿಯಲ್ಲಿವೆ. ಅಡ್ಡಗೆರೆ (-) ಉಚ್ಚಾರಾಂಶದ ಗಡಿ, ನೆಟ್ಟಗೆರೆ (|) ಎರಡು ಪದಗಳ ಬೆಸುಗೆ, ಮೇಲ್ಗೆರೆ (ˈ) ಅದರ ಮುಂದಿನ ಉಚ್ಚಾರಾಂಶದ ಮೇಲಿನ ಒತ್ತು. ಗಂಟಲಿನಲ್ಲಿ ಉಜ್ಜಿ ಹೊರಡುವ ಡಚ್ ಧ್ವನಿಗೆ ‘ಖ’ ಬಳಸಿದ್ದೇನೆ. ಬಾಯಿ ಸುತ್ತಾಗಿಸಿ ಹೇಳುವ ‘ಯು-ಐ’ ಜೋಡಿಗೆ ‘ಔಯ್’ ಎಂದು ಬರೆದಿದ್ದೇನೆ. ಎರಡೂ ಸುಮಾರಾದ ಹೊಂದಾಣಿಕೆ, ಅಷ್ಟೇ. ‘ಎಸ್’, ‘ಇ’, ‘ಎನ್’ ಎಂದು ಬರೆದಲ್ಲಿ ಅವು ರೋಮನ್ ಅಕ್ಷರಗಳ ಹೆಸರು. ಪದದ ಕೊನೆಯಲ್ಲಿ ‘ಇ-ಎನ್’ ಬಂದರೆ ಅದರ ‘ಎನ್’ ಮಾತಿನಲ್ಲಿ ಹೆಚ್ಚಾಗಿ ನುಂಗಿಹೋಗುತ್ತದೆ. ಕಾಗುಣಿತಕ್ಕೆ ಹೊಂದಲೆಂದು ಅದನ್ನು ಇಲ್ಲಿ ಬರೆದೇ ತೋರಿಸಿದ್ದೇನೆ.

## ಹಂತ 1: ಬಲಗಡೆಯಿಂದ ಶುರು ಮಾಡಿ

ಉದ್ದ ಪದ ಕಂಡಕೂಡಲೇ ಅದರ ಬಾಲ ಹಿಡಿಯಿರಿ. ಬಲತುದಿಯಲ್ಲಿ ನಿಮಗೆ ಗೊತ್ತಿರುವ ಒಂದು ಪೂರ್ಣ ಪದ ಸಿಗುವವರೆಗೆ ಹಿಂದಕ್ಕೆ ಬನ್ನಿ. ಡಚ್ ಸಮಾಸ ನಮ್ಮ ತತ್ಪುರುಷದ ಹಾಗೆ: ಉತ್ತರಪದವೇ ಪ್ರಧಾನ. ‘ಮೆಲ್ಕ್’ ಹಾಲು, ‘ಕು’ ಹಸು. ‘ಕು|ಮೆಲ್ಕ್’ ಎಂದರೆ ಹಸುವಿನ ಹಾಲು, ‘ಮೆಲ್ಕ್|ಕು’ ಎಂದರೆ ಹಾಲು ಕೊಡುವ ಹಸು. ಪದದ ಮುಂದೆ ‘ಡೆ’ ಬರಬೇಕೋ ‘ಹೆಟ್’ ಬರಬೇಕೋ (ಎರಡೂ ಇಂಗ್ಲಿಷಿನ ‘ದ’ (the) ಇದ್ದ ಹಾಗೆ) ಎಂಬುದನ್ನೂ ಕೊನೆಯ ಪದವೇ ನಿರ್ಧರಿಸುತ್ತದೆ. ‘ಹೌಯ್ಸ್’ (ಮನೆ) ‘ಹೆಟ್’ ಗುಂಪಿನದು, ಆದ್ದರಿಂದ ‘ಜೀ-ಕೆನ್|ಹೌಯ್ಸ್’ (ಆಸ್ಪತ್ರೆ) ಕೂಡ ‘ಹೆಟ್’.

ಕೊನೆಯ ಪದ ಸಿಕ್ಕಿತೇ? ಅದರ ಎಡಕ್ಕೆ ಪೆನ್ಸಿಲ್ಲಿನಿಂದ ಒಂದು ನೆಟ್ಟಗೆರೆ ಎಳೆಯಿರಿ. ಉಳಿದ ಭಾಗ ಇನ್ನೂ ಉದ್ದವಾಗಿದ್ದರೆ ಅಲ್ಲಿಯೂ ಹೀಗೆಯೇ ಮಾಡಿ. ವೈದ್ಯರ ಚಿಕಿತ್ಸಾಲಯ ಮುಚ್ಚಿದ ಮೇಲೆ ರಾತ್ರಿ ಹೊತ್ತು ಹೋಗಬೇಕಾದ ಜಾಗಕ್ಕೆ ನೆದರ್ಲೆಂಡ್ಸಿನಲ್ಲಿ ‘ಹೌಯ್ಸರ್ಟ್ಸೆನ್‌ಪೊಸ್ಟ್’ ಎನ್ನುತ್ತಾರೆ. ಬಲದಿಂದ ನೋಡಿದರೆ ಮೊದಲು ‘ಪೊಸ್ಟ್’, ನಂತರ ‘ಅರ್ಟ್ಸೆನ್’ (ವೈದ್ಯರು), ಕೊನೆಗೆ ‘ಹೌಯ್ಸ್’. ಎರಡು ಗೆರೆ, ಮೂರು ತುಂಡು.

## ಹಂತ 2: ನಡುವಿನ ಅಂಟು ಯಾರದ್ದು ಎಂದು ತೀರ್ಮಾನಿಸಿ

ಎರಡು ಪದಗಳ ನಡುವೆ ಡಚ್ಚರು ಕೆಲವೊಮ್ಮೆ ‘ಎಸ್’ ಹಾಕುತ್ತಾರೆ, ಕೆಲವೊಮ್ಮೆ ‘ಇ-ಎನ್’, ಕೆಲವೊಮ್ಮೆ ಬರಿಯ ‘ಇ’. ಇಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಅಂಟು ಯಾವಾಗಲೂ ಎಡಗಡೆಯ ಪದಕ್ಕೆ ಸೇರಿದ್ದು. ಪುಸ್ತಕದ ಕಪಾಟು ‘ಬು-ಕೆನ್|ಕಸ್ಟ್’. ವಿಮಾ ಕಂಪನಿ ‘ವೆರ್-ಜೇ-ಕೆ-ರಿಂಗ್ಸ್|ಮಾಟ್-ಸ್ಖ-ಪೈ’.

ತೊಂದರೆ ಕೊಡುವುದು ‘ಎಸ್’ ಮಾತ್ರ. ‘ಸ್ಪ’, ‘ಸ್ಟ’, ‘ಸ್ಲ’ ಮುಂತಾದ ಆರಂಭಗಳು ಡಚ್ಚಿನಲ್ಲಿ ಧಾರಾಳವಾಗಿ ಇರುವುದರಿಂದ ಕಣ್ಣು ತಾನಾಗಿಯೇ ‘ಎಸ್’ ಅನ್ನು ಬಲಕ್ಕೆ ಎಳೆದುಕೊಳ್ಳುತ್ತದೆ. ಕನ್ನಡ ಲಿಪಿಯೂ ಇದಕ್ಕೆ ಕುಮ್ಮಕ್ಕು ಕೊಡುತ್ತದೆ, ಏಕೆಂದರೆ ನಾವು ಒತ್ತಕ್ಷರವನ್ನು ಮುಂದಿನ ಅಕ್ಷರದ ಗುಂಪಿನಲ್ಲಿ ಬರೆಯುತ್ತೇವೆ. ಪರಿಹಾರ ಸರಳ: ಗೆರೆಯ ಬಲಕ್ಕೆ ಉಳಿದದ್ದು ನಿಘಂಟಿನಲ್ಲಿ ಒಂಟಿಯಾಗಿ ಇದೆಯೇ ನೋಡಿ. ‘ಸ್ಪ್ಲೈನ್’ ಇಲ್ಲ, ‘ಪ್ಲೈನ್’ ಇದೆ. ಅಲ್ಲಿಗೆ ಮುಗಿಯಿತು.

ಎರಡು ಬಗೆಯಲ್ಲಿ ಕತ್ತರಿಸಿದರೂ ಅರ್ಥ ಬರುವ ಪದಗಳಿವೆ. ಅಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ‘ಡೈಕ್|ರಂಪ್’ ಎಂದರೆ ಕಡಲ ಏರಿ ಒಡೆದ ದುರಂತ, ‘ಡೈ|ಕ್ರಂಪ್’ ಎಂದರೆ ತೊಡೆಯ ಸೆಳೆತ. ‘ಕ್ವರ್ಟ್|ಸ್ಲಾ-ಖೆನ್’ ಕಾಲು ಸುತ್ತುಗಳು, ‘ಕ್ವರ್ಟ್ಸ್|ಲಾ-ಖೆನ್’ ಬೆಣಚುಕಲ್ಲಿನ ಪದರಗಳು. ‘ವಲ್|ಕೌಯ್ಲ್’ ಪ್ರಾಣಿಗಳನ್ನು ಬೀಳಿಸುವ ಗುಂಡಿ, ‘ವಲ್ಕ್|ಔಯ್ಲ್’ ಗಿಡುಗ-ಗೂಬೆ. ಬರವಣಿಗೆಯಲ್ಲಿ ಈ ಜೋಡಿಗಳ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸುತ್ತಲಿನ ವಾಕ್ಯ ಓದದೆ ಗೆರೆ ಎಳೆಯಬೇಡಿ.

## ಹಂತ 3: ಪ್ರತಿ ತುಂಡನ್ನೂ ಬೇರೆಯಾಗಿ ಒಡೆಯಿರಿ

ಇನ್ನು ಉಚ್ಚಾರಾಂಶಕ್ಕೆ ಬನ್ನಿ. ಪ್ರತಿ ತುಂಡಿನ ಒಳಗೆ ಮಾತ್ರ ಕೆಲಸ ಮಾಡಿ. ನೆಟ್ಟಗೆರೆಯನ್ನು ದಾಟಿ ಒಂದು ವ್ಯಂಜನವೂ ಆಚೀಚೆ ಹೋಗಕೂಡದು.

ತುಂಡಿನ ಒಳಗಿನ ನಿಯಮಗಳು ಹೀಗಿವೆ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ಉಚ್ಚಾರಾಂಶಕ್ಕೆ: ‘ಕಾ-ಮೆರ್’ (ಕೋಣೆ), ‘ಟಾ-ಫೆಲ್’ (ಮೇಜು). ಎರಡಿದ್ದರೆ ನಡುವೆ ಕತ್ತರಿ: ‘ವಿನ್-ಟೆರ್’ (ಚಳಿಗಾಲ). ಅದಕ್ಕಿಂತ ಹೆಚ್ಚಿದ್ದರೆ, ಡಚ್ ಪದವೊಂದು ಯಾವ ವ್ಯಂಜನಗುಚ್ಛದಿಂದ ಶುರುವಾಗಬಲ್ಲದೋ ಅಷ್ಟನ್ನು ಬಲಕ್ಕೆ ಕೊಡಿ: ‘ವೆನ್-ಸ್ಟೆರ್’ (ಕಿಟಕಿ). ‘ಸಿ-ಎಚ್’ ಒಂದೇ ಧ್ವನಿ, ಅದನ್ನು ಸೀಳಬೇಡಿ. ‘ವೆರ್’, ‘ಬೆ’, ‘ಖೆ’, ‘ಒಂಟ್’ ಎಂಬ ಪೂರ್ವಪ್ರತ್ಯಯಗಳು ಇಡಿಯಾಗಿ ಉಳಿಯುತ್ತವೆ. ಬದಲಾಯಿಸು ಎಂಬ ಅರ್ಥದ ಕ್ರಿಯಾಪದ ‘ವೆರ್-ಅನ್-ಡೆ-ರೆನ್’, ‘ವೆ-ರನ್’ ಅಲ್ಲ.

ಇದನ್ನು ಸರಿಯಾಗಿ ಮಾಡಿದರೆ ಸ್ವರದ ಉದ್ದ ತಾನಾಗಿ ಸಿಗುತ್ತದೆ. ಉಚ್ಚಾರಾಂಶ ಸ್ವರದಲ್ಲಿ ಕೊನೆಯಾದರೆ ಒಂಟಿ ಸ್ವರಾಕ್ಷರವೂ ದೀರ್ಘ, ವ್ಯಂಜನದಲ್ಲಿ ಮುಚ್ಚಿಕೊಂಡರೆ ಹ್ರಸ್ವ. ‘ಬೋ-ಮೆನ್’ ಮರಗಳು, ‘ಬೊಮ್-ಮೆನ್’ ಬಾಂಬುಗಳು. ‘ಮಾ-ನೆನ್’ ಚಂದ್ರರು, ‘ಮನ್-ನೆನ್’ ಗಂಡಸರು. ಎ-ಏ, ಒ-ಓ ಎಂದು ಬೇರೆ ಬೇರೆ ಬರೆಯುವ ಕನ್ನಡಿಗರಿಗೆ ಇದು ಹಿಂದಿಯವರಿಗಿಂತ ಸುಲಭವಾಗಬೇಕು. ದುರ್ಬಲವಾದ ‘ಇ’ ಸ್ವರ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ‘ಖೆ’, ‘ಬೆ’ಗಳಲ್ಲಿ, ‘ಕಾ-ಮೆರ್’ನ ಬಾಲದಲ್ಲಿ ಇರುವುದು ಅದೇ. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕಿದ ನೆನಪಿದ್ದರೆ ಇನ್ನೂ ಒಳ್ಳೆಯದು. ಒತ್ತಕ್ಷರದ ಹಿಂದಿನ ಅಕ್ಷರ ಗುರುವಾಗುವುದು ಆ ವ್ಯಂಜನದ ಅರ್ಧ ಹಿಂದಕ್ಕೆ ಸೇರಿ ಉಚ್ಚಾರಾಂಶವನ್ನು ಮುಚ್ಚುವುದರಿಂದ. ಡಚ್ಚಿನಲ್ಲಿ ಮಾಡಬೇಕಾದದ್ದು ಅದೇ ಎಣಿಕೆ. ಬರೆದ ಅಕ್ಷರವನ್ನಲ್ಲ, ಕಿವಿಗೆ ಬೀಳುವ ತುಂಡನ್ನು ನೋಡಿ.

ಬೆಸುಗೆ ತಪ್ಪಿದರೆ ಇಲ್ಲಿ ಎಷ್ಟು ಅನಾಹುತವಾಗುತ್ತದೆ ಎಂಬುದಕ್ಕೆ ಒಂದೇ ಪದ ಸಾಕು. ಡಚ್ ಕಾಗುಣಿತದ ಏಳು ಅಕ್ಷರಗಳ ನಂತರ ‘ಬೆಟ್’ ಇರಬೇಕೋ, ಐದು ಅಕ್ಷರಗಳ ನಂತರ ‘ಖೆಬೆಟ್’ ಇರಬೇಕೋ ಎಂಬ ಪ್ರಶ್ನೆ ಅದು. ಮೊದಲನೆಯ ಬಗೆಯಲ್ಲಿ ‘ಮ-ˈಸಾ-ಝೆ|ಬೆಟ್’, ಅಂಗಮರ್ದನದ ಹಾಸಿಗೆ. ಎರಡನೆಯ ಬಗೆಯಲ್ಲಿ ‘ˈಮ-ಸಾ|ಖೆ-ಬೆಟ್’, ಜನಸಮೂಹದ ಪ್ರಾರ್ಥನೆ. ಅಕ್ಷರಗಳೆಲ್ಲ ಅವೇ. ಆದರೆ ‘ಜಿ’ ಒಂದು ಕಡೆ ಫ್ರೆಂಚ್ ಮೂಲದ ‘ಝ’, ಇನ್ನೊಂದು ಕಡೆ ಡಚ್ಚಿನ ‘ಖ’. ಒತ್ತು ಕೂಡ ಜಾಗ ಬದಲಿಸಿತು. ನಿಯಮ ಗೊತ್ತಿದ್ದೂ ಓದು ಹಾಳಾಗುವುದು ಹೀಗೆ.

ಬರೆಯುವಾಗ ಸಾಲಿನ ಕೊನೆಯಲ್ಲಿ ಪದ ಮುರಿಯುವುದಕ್ಕೂ ಬಾಯಲ್ಲಿ ಒಡೆಯುವುದಕ್ಕೂ ಸ್ವಲ್ಪ ವ್ಯತ್ಯಾಸವಿದೆ. ಒಂಟಿ ಸ್ವರಾಕ್ಷರವನ್ನು ಸಾಲಿನಲ್ಲಿ ಒಬ್ಬಂಟಿಯಾಗಿ ಬಿಡುವಂತಿಲ್ಲ. ಸಂಜೆ ಎಂಬ ಅರ್ಥದ ‘ಆವೊಂಟ್’ ಪದಕ್ಕೆ ಬಾಯಲ್ಲಿ ಎರಡು ಉಚ್ಚಾರಾಂಶ, ಕಾಗದದ ಮೇಲೆ ಮಾತ್ರ ಮುರಿಯಲು ಜಾಗವೇ ಇಲ್ಲ. ಇನ್ನೊಂದು: ಬೆಸುಗೆಯಲ್ಲಿ ಎರಡು ಸ್ವರಗಳು ಡಿಕ್ಕಿ ಹೊಡೆದು ಓದು ತಪ್ಪುವಂತಿದ್ದರೆ ಡಚ್ಚರು ತಾವೇ ಅಡ್ಡಗೆರೆ ಬರೆಯುತ್ತಾರೆ, ‘ಜೇ-ಏಂಟ್’ (ಕಡಲ ಬಾತು), ‘ಔಟೊ-ಒನ್ಖೆಲಕ್’ (ಕಾರು ಅಪಘಾತ) ಎಂಬಂತೆ. ಅಲ್ಲಿ ನಿಮ್ಮ ಒಂದನೆಯ ಹಂತವನ್ನು ಅವರೇ ಮಾಡಿಕೊಟ್ಟಿದ್ದಾರೆ.

## ಹಂತ 4: ಬೆಸುಗೆಯಲ್ಲಿ ಸಂಧಿ ಮಾಡಬೇಡಿ

ಕನ್ನಡದ ನಾಲಿಗೆ ವ್ಯಂಜನ ಮುಗಿದು ಸ್ವರ ಬಂದರೆ ಎರಡನ್ನೂ ಕೂಡಿಸಿಯೇ ಬಿಡುತ್ತದೆ. ‘ಊರಲ್ಲಿ’ ಎನ್ನುವ ಅಭ್ಯಾಸವೇ ‘ಹೌಯ್|ಸರ್ಟ್ಸ್’ ಎನ್ನಿಸುವುದು. ಕುಟುಂಬ ವೈದ್ಯರು ‘ಹೌಯ್ಸ್|ಅರ್ಟ್ಸ್’. ಬರೆದು ಒಡೆಯುವಾಗಲೂ ಅಷ್ಟೇ. ಒಂಟಿ ವ್ಯಂಜನ ಮುಂದಕ್ಕೆ ಹೋಗುತ್ತದೆ ಎಂಬ ನಿಯಮ ಬೆಸುಗೆಯ ಮುಂದೆ ಸೋಲುತ್ತದೆ.

ರಾತ್ರಿಯೂಟದ ಪದದಲ್ಲಿ ತಪ್ಪು ಇನ್ನೂ ಜೋರಾಗಿ ಕೇಳುತ್ತದೆ. ಕಾಗುಣಿತದಲ್ಲಿ ‘ಡಿ’ ಇದ್ದರೂ ಡಚ್ಚಿನಲ್ಲಿ ಪದಾಂತ್ಯದ ‘ಡ’ಕಾರ ‘ಟ’ ಆಗುತ್ತದೆ. ಬೆಸುಗೆಯೂ ಪದಾಂತ್ಯವೇ. ಆದ್ದರಿಂದ ‘ˈಆ-ವೊಂಟ್|ಏ-ಟೆನ್’. ‘ಆವೊನ್ಡೇಟೆನ್’ ಎಂದರೆ ಬೆಸುಗೆ ಕಳೆದುಹೋಯಿತು. ಐಂಡ್‌ಹೋವನ್ ಊರಿನ ಹೆಸರನ್ನೂ ಅಲ್ಲಿಯವರು ‘ˈಐಂಟ್-ಹೋ-ವೆನ್’ ಎಂದೇ ಹೇಳುತ್ತಾರೆ.

ಬಲಗಡೆ ‘ಬ’ ಅಥವಾ ‘ಡ’ ಬಂದಾಗ ಮಾತ್ರ ಎಡಗಡೆಯ ಧ್ವನಿ ಮೆತ್ತಗಾಗುತ್ತದೆ. ಕರವಸ್ತ್ರ ‘ಜಗ್|ಡುಕ್’, ಕಾಗುಣಿತದಲ್ಲಿ ‘ಕೆ’ ಇದ್ದರೂ ಇಲ್ಲಿ ನಮ್ಮ ‘ಗ’ ಕೇಳುತ್ತದೆ. ಇದನ್ನು ಅಭ್ಯಾಸ ಮಾಡುವ ಅಗತ್ಯ ಹೆಚ್ಚಿಲ್ಲ, ವೇಗ ಬಂದಾಗ ಕನ್ನಡಿಗರ ಬಾಯಲ್ಲಿ ತಾನಾಗಿಯೇ ಬರುತ್ತದೆ.

## ಹಂತ 5: ಒತ್ತನ್ನು ಎಡಗಡೆಯ ಪದಕ್ಕೆ ಕೊಡಿ

ಅರ್ಥ ಬಲದಲ್ಲಿ, ಒತ್ತು ಎಡದಲ್ಲಿ. ನಾಮಪದ ಸಮಾಸಗಳಲ್ಲಿ ಬಹುಪಾಲಿಗೆ ಮುಖ್ಯ ಒತ್ತು ಮೊದಲ ಪದದ ಮೇಲೆ: ‘ˈವುಟ್|ಬಲ್’ (ಕಾಲ್ಚೆಂಡು), ‘ˈಸ್ಲಾಪ್|ಕಾ-ಮೆರ್’ (ಮಲಗುವ ಕೋಣೆ), ‘ˈಹೌಯ್ಸ್|ಅರ್ಟ್-ಸೆನ್|ಪೊಸ್ಟ್’.

ಈಗ ಎಲ್ಲರೂ ಬೀಳುವ ಹಳ್ಳ. ‘ಮೊದಲ ಪದ’ ಎಂಬುದನ್ನು ‘ಮೊದಲ ಉಚ್ಚಾರಾಂಶ’ ಎಂದು ತಿಳಿದು ಎಲ್ಲ ಪದಗಳ ತಲೆಗೂ ಕುಟ್ಟುತ್ತಾರೆ. ಮೊದಲ ಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ ಸಮಾಸದಲ್ಲಿಯೂ ಅಲ್ಲಿಯೇ ಇರುತ್ತದೆ. ನಿಲ್ದಾಣ ‘ಸ್ಟಾ-ˈಶೊನ್’, ಆದ್ದರಿಂದ ಚೌಕ ‘ಸ್ಟಾ-ˈಶೊನ್ಸ್|ಪ್ಲೈನ್’. ಸಂಗೀತ ‘ಮು-ˈಜೀಕ್’, ಸಂಗೀತ ಶಾಲೆ ‘ಮು-ˈಜೀಕ್|ಸ್ಖೋಲ್’. ವಿಮಾ ಕಂಪನಿ ‘ವೆರ್-ˈಜೇ-ಕೆ-ರಿಂಗ್ಸ್|ಮಾಟ್-ಸ್ಖ-ಪೈ’. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಒತ್ತು ಐದನೆಯ ಉಚ್ಚಾರಾಂಶದವರೆಗೆ ಕಾಯುತ್ತದೆ: ‘ಯು-ನಿ-ವೆರ್-ಸಿ-ˈಟೈಟ್ಸ್|ಬಿ-ಬ್ಲಿ-ಯೊ-ಟೇಕ್’. ‘ವೆರ್’, ‘ಬೆ’, ‘ಖೆ’ ಪೂರ್ವಪ್ರತ್ಯಯಗಳ ಮೇಲೆ ಒತ್ತು ಬೀಳುವುದಿಲ್ಲ ಎಂಬುದು ಗಟ್ಟಿ ಆಸರೆ.

ಎರಡನೆಯ ಪದ ಸತ್ತುಹೋಗಬಾರದು. ಅದರ ಸ್ವಂತ ಒತ್ತು ಸ್ವಲ್ಪ ತಗ್ಗಿದ ಮಟ್ಟದಲ್ಲಿ ಉಳಿಯುತ್ತದೆ. ‘ಮಾಟ್-ಸ್ಖ-ಪೈ’ಯ ‘ಪೈ’ ಇನ್ನೂ ಕೇಳಿಸಬೇಕು.

ಒತ್ತು ಕೊಡುವುದೆಂದರೇನು ಎಂಬುದೇ ಕನ್ನಡಿಗರಿಗೆ ನಿಜವಾದ ತೊಡಕು. ನಮ್ಮಲ್ಲಿ ಒತ್ತು ಜಾಗ ಬದಲಿಸಿದರೆ ಪದದ ಅರ್ಥ ಬದಲಾಗುವುದಿಲ್ಲ, ಆದ್ದರಿಂದ ಅನೇಕರು ಎಲ್ಲ ಉಚ್ಚಾರಾಂಶಗಳನ್ನೂ ಸಮನಾಗಿ ಹೇಳುತ್ತಾರೆ. ಒತ್ತು ಕೊಡಿ ಎಂದರೆ ಸ್ವರವನ್ನು ಎಳೆಯುತ್ತಾರೆ. ಹ್ರಸ್ವವನ್ನು ಎಳೆದರೆ ಪದವೇ ಬೇರೆಯಾಗುತ್ತದೆ. ಬಾಂಬ್ ಇದೆ ಎಂಬ ಮುನ್ಸೂಚನೆ ‘ˈಬೊಮ್|ಮೆಲ್-ಡಿಂಗ್’. ‘ಬೊ’ವನ್ನು ಎಳೆದು ‘ಬೋಮ್’ ಎಂದರೆ ಮರ ಇದೆ ಎಂಬ ಮುನ್ಸೂಚನೆ. ಸ್ವರ ಹ್ರಸ್ವವಾಗಿದ್ದರೆ ಸದ್ದನ್ನು ಹೆಚ್ಚಿಸಿ, ಸ್ಥಾಯಿಯನ್ನು ಸ್ವಲ್ಪ ಏರಿಸಿ, ಉದ್ದವನ್ನು ಮುಟ್ಟಬೇಡಿ. ಉಳಿದ ಉಚ್ಚಾರಾಂಶಗಳನ್ನು ತಗ್ಗಿಸುವುದೂ ಒತ್ತು ಕೊಡುವ ದಾರಿಯೇ, ಮತ್ತು ನನ್ನ ಅನುಭವದಲ್ಲಿ ಅದೇ ಹೆಚ್ಚು ಸುಲಭ.

## ಹಂತ 6: ಅಪವಾದಗಳ ಪಟ್ಟಿಗೆ ಹೋಲಿಸಿ ನೋಡಿ

ನಿಯಮ ಕೈಗೆ ಹತ್ತಿದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಪುರಸಭೆಯ ಕಟ್ಟಡಕ್ಕೆ ಡಚ್ಚಿನಲ್ಲಿ ಎರಡು ಪದ. ‘ಖೆ-ˈಮೇನ್-ಟೆ|ಹೌಯ್ಸ್’ ನಿಯಮದಂತೆ ನಡೆಯುತ್ತದೆ, ‘ಸ್ಟಟ್|ˈಹೌಯ್ಸ್’ ನಡೆಯುವುದಿಲ್ಲ. ಮೇಯರ್ ‘ಬರ್-ಖೆ-ˈಮೇಸ್-ಟೆರ್’, ಆಲೂಗಡ್ಡೆಯ ಜೊತೆ ಕಿವುಚಿ ತಿನ್ನುವ ಎಲೆಕೋಸಿನ ಜಾತಿಯ ಸೊಪ್ಪು ‘ಬೂ-ರೆನ್|ˈಕೋಲ್’. ಇವಕ್ಕೆ ಕಾರಣ ಹುಡುಕುತ್ತ ಕೂರುವುದಕ್ಕಿಂತ ಬಾಯಿಪಾಠ ಮಾಡುವುದು ಮೇಲು. ಗಮನಿಸಿ: ಪುರಭವನದ ಚೌಕ ‘ಸ್ಟಟ್-ˈಹೌಯ್ಸ್|ಪ್ಲೈನ್’. ಅಪವಾದವೂ ಸಮಾಸದ ಮೊದಲ ಪದವಾದರೆ ತನ್ನ ಒತ್ತನ್ನು ಹಾಗೆಯೇ ತರುತ್ತದೆ.

ಊರಿನ ಹೆಸರುಗಳಲ್ಲಿ ಬಾಲ ನೋಡಿ. ‘ಡಮ್’, ‘ವೇನ್’, ‘ಮೇರ್’ ಬಾಲಗಳು ಸಾಮಾನ್ಯವಾಗಿ ಒತ್ತನ್ನು ತಮ್ಮತ್ತ ಎಳೆದುಕೊಳ್ಳುತ್ತವೆ: ಅಮ್-ಸ್ಟೆರ್-ˈಡಮ್, ರೊಟ್-ಟೆರ್-ˈಡಮ್, ಅಮ್-ಸ್ಟೆಲ್-ˈವೇನ್, ಜು-ಟೆರ್-ˈಮೇರ್. ‘ಹೋವೆನ್’ ಬಾಲ ಎಳೆಯುವುದಿಲ್ಲ: ˈಐಂಟ್-ಹೋ-ವೆನ್, ˈವೆಲ್ಟ್-ಹೋ-ವೆನ್. ಆ ಊರುಗಳಲ್ಲಿ ಕನ್ನಡಿಗರು ಸಾಕಷ್ಟು ಇದ್ದಾರೆ, ಸ್ವಂತ ವಿಳಾಸದಿಂದಲೇ ಅಭ್ಯಾಸ ಶುರು ಮಾಡಬಹುದು.

ಗುಣವಾಚಕ ಪ್ರತ್ಯಯ ಸೇರಿದಾಗ ಒತ್ತು ಬಲಕ್ಕೆ ಸರಿಯುವುದು ಇನ್ನೊಂದು ಗುಂಪು. ಅಗತ್ಯ ‘ˈನೋಟ್-ಜಾಕ್’, ಅಗತ್ಯವಾದ ‘ನೋಟ್-ˈಜಾ-ಕೆ-ಲೆಕ್’. ಅವಲಂಬಿಸು ‘ˈಅಫ್-ಹಂಗ್-ಎನ್’, ಅವಲಂಬಿತ ‘ಅಫ್-ˈಹಂಗ್-ಕೆ-ಲೆಕ್’. ‘ಲೆಕ್’ ಬಾಲ ಕಂಡರೆ ಒತ್ತು ಅದರ ಹಿಂದಿನ ಗಟ್ಟಿ ಸ್ವರದ ಮೇಲಿದೆಯೇ ನೋಡಿ.

‘ಐಸ್|ಕೌಟ್’ (ಮಂಜಿನಷ್ಟು ತಣ್ಣಗೆ) ತರಹದ ತೀವ್ರತೆಯ ಪದಗಳಲ್ಲಿ ಎರಡೂ ಭಾಗ ಬಲವಾಗಿ ನಿಲ್ಲುತ್ತವೆ. ವಾಕ್ಯದ ಕೊನೆಯಲ್ಲಿ ‘ಕೌಟ್’ ಮೇಲಾಗುತ್ತದೆ, ನಾಮಪದದ ಮುಂದೆ ಬಂದರೆ ‘ಐಸ್’.

## ಹಂತ 7: ಕ್ರಿಯಾಪದವಾದರೆ ಒತ್ತೇ ಅರ್ಥ

‘ˈವೋರ್-ಕೋ-ಮೆನ್’ ಎಂದರೆ ಸಂಭವಿಸು, ‘ವೋರ್-ˈಕೋ-ಮೆನ್’ ಎಂದರೆ ತಡೆಗಟ್ಟು. ‘ˈಒನ್-ಡೆರ್-ಖಾನ್’ ಸೂರ್ಯ ಮುಳುಗುವುದು, ‘ಒನ್-ಡೆರ್-ˈಖಾನ್’ ಶಸ್ತ್ರಚಿಕಿತ್ಸೆಯಂಥದ್ದಕ್ಕೆ ಒಳಗಾಗುವುದು. ಕಾಗುಣಿತ ಒಂದೇ. ಅಪಾರ್ಥವಾಗುವ ಭಯವಿದ್ದಾಗ ಡಚ್ಚರು ಒತ್ತಿನ ಸ್ವರದ ಮೇಲೆ ಓರೆಗೆರೆ ಹಾಕುತ್ತಾರೆ, ಆದರೆ ಅದನ್ನು ನಂಬಿಕೊಂಡಿರಬೇಡಿ.

ಖಚಿತ ಪರೀಕ್ಷೆ ಭೂತಕೃದಂತದಲ್ಲಿದೆ. ನಡುವೆ ‘ಖೆ’ ನುಗ್ಗಿ ‘ವೋರ್-ಖೆ-ಕೋ-ಮೆನ್’ ಎಂದಾದರೆ ಅದು ಬಿಡಿಸಿಕೊಳ್ಳುವ ಕ್ರಿಯಾಪದ, ಒತ್ತು ಮುಂದೆ. ‘ಖೆ’ ಬರಲು ಜಾಗವೇ ಇಲ್ಲದಿದ್ದರೆ ಒತ್ತು ಹಿಂದೆ. ‘ಹೆಟ್ ಕೊಮ್ಟ್ ವೋರ್’ ಎಂದು ಭಾಗಗಳು ದೂರವಾಗುವುದೂ ಮುಂದಿನ ಒತ್ತಿನ ಗುರುತೇ.

## ಎಚ್ಚರಿಕೆಯ ಸೂಚನೆಗಳು

ನಿಮಗೆ ಚೆನ್ನಾಗಿ ಗೊತ್ತಿರುವ ಪದವನ್ನೇ ಹೇಳಿದಾಗ ಎದುರಿನವರು ಮತ್ತೆ ಹೇಳಿ ಎಂದರೆ ಧ್ವನಿಯನ್ನು ದೂರಬೇಡಿ, ಮೊದಲು ಒತ್ತನ್ನು ಪರೀಕ್ಷಿಸಿ. ಒಂದು ತುಂಡು ಮೂರು ವ್ಯಂಜನಗಳಿಂದ ಶುರುವಾಗುತ್ತಿದೆಯೇ? ಎಡದ ‘ಎಸ್’ ಜಾರಿ ಬಂದಿರಬಹುದು. ‘ಖೆ’ ಅಥವಾ ‘ಬೆ’ ಮೇಲೆ ಒತ್ತು ಬಿದ್ದಿದೆಯೇ? ಬೆಸುಗೆ ಬೇರೆ ಕಡೆ ಇದೆ. ಪದದ ನಡುವೆ ಉಸಿರು ನಿಲ್ಲುತ್ತಿದೆಯೇ? ತುಂಡುಗಳನ್ನು ಬಿಡಿಯಾಗಿ ಓದುತ್ತಿದ್ದೀರಿ, ಎಲ್ಲಕ್ಕೂ ಸಮ ಒತ್ತು ಬರುತ್ತಿದೆ.

## ಹಂತ 8: ಹಿಂದಿನಿಂದ ಕಟ್ಟಿ ಹೇಳಿ, ಮುದ್ರಿಸಿ

ಪದವನ್ನು ಬಾಲದಿಂದ ಬೆಳೆಸಿ: ಪೊಸ್ಟ್, ಅರ್ಟ್ಸೆನ್‌ಪೊಸ್ಟ್, ಹೌಯ್ಸರ್ಟ್ಸೆನ್‌ಪೊಸ್ಟ್. ಪ್ರತಿ ಸಲ ಎಡಕ್ಕೆ ಹೊಸ ತುಂಡು ಸೇರಿದಾಗ ಒತ್ತು ಆ ತುಂಡಿಗೆ ಹೋಗಬೇಕು, ಹಿಂದಿನದು ತಗ್ಗಬೇಕು. ಒಂದೇ ಉಸಿರಿನಲ್ಲಿ ಹೇಳಿ, ಒತ್ತಿನ ಜಾಗದಲ್ಲಿ ಮೇಜಿನ ಮೇಲೆ ಒಮ್ಮೆ ತಟ್ಟಿ. ಮುದ್ರಣವನ್ನು ಆಗಲೇ ಕೇಳಬೇಡಿ. ಮರುದಿನ ಕೇಳಿದರೆ ತಪ್ಪು ನಿಮಗೇ ಹೊಡೆದು ಕಾಣುತ್ತದೆ.

ಇವನ್ನು ಮೊದಲು ಕಾಗದದ ಮೇಲೆ ಬರೆದು ಒಡೆಯಿರಿ, ನಂತರ ಕೆಳಗಿನ ಉತ್ತರ ನೋಡಿ: ಚಳಿಗಾಲದ ರಜೆ ‘ವಿಂಟೆರ್‌ವಾಕನ್ಸಿ’, ಕಾಗದದ ಅಂಗಡಿ ‘ಪಾಪೀರ್‌ವಿಂಕೆಲ್’, ಆಸ್ಪತ್ರೆಯ ಹಾಸಿಗೆ ‘ಜೀಕೆನ್‌ಹೌಯ್ಸ್‌ಬೆಟ್’, ಹುಟ್ಟುಹಬ್ಬದ ಶುಭಾಶಯ ಪತ್ರ ‘ವೆರ್‌ಯಾರ್‌ಡಖ್ಸ್‌ಕಾರ್ಟ್’.

ಉತ್ತರ: ˈವಿನ್-ಟೆರ್|ವಾ-ಕನ್-ಸಿ. ಪಾ-ˈಪೀರ್|ವಿನ್-ಕೆಲ್. ˈಜೀ-ಕೆನ್|ಹೌಯ್ಸ್|ಬೆಟ್. ವೆರ್-ˈಯಾರ್|ಡಖ್ಸ್|ಕಾರ್ಟ್. ಕೊನೆಯದರಲ್ಲಿ ‘ಎಸ್’ ಅನ್ನು ‘ಕಾರ್ಟ್’ಗೆ ಸೇರಿಸಿದ್ದರೆ ಎರಡನೆಯ ಹಂತಕ್ಕೆ, ‘ವೆರ್’ ಮೇಲೆ ಒತ್ತು ಹಾಕಿದ್ದರೆ ಐದನೆಯ ಹಂತಕ್ಕೆ ಹಿಂದಿರುಗಿ.